ಕಟ್ಟಿದ ಮೂಗು ಮತ್ತು ಕಿವಿಯ ಸುತ್ತಣ ಸ್ನಾಯುಗಳು

ಪುಣೆಯಿಂದ ಮುಂಬಯಿಗೆ ಬರುವ ಗಾಡಿ ಲೋಣಾವಳೆಯನ್ನು ದಾಟಿ ಖಂಡಾಲ ಘಟ್ಟವನ್ನಿಳಿಯತೊಡಗಿದಾಗ ಡಬ್ಬಿಯಲ್ಲಿ ಕುಳಿತ ಬಹುಮಂದಿಗೆ ಒಂದು ಸಣ್ಣ ಅನುಭವವಾಗುತ್ತದೆ. ಕಿವಿಗೆ ಹತ್ತಿಯಿಟ್ಟಂತಾಗಿ ಗಾಲಿಗಳ ಸದ್ದು ದೂರ ಸರಿಯುತ್ತದೆ. ಎದುರಿಗೆ ಕುಳಿತವರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಒಮ್ಮೆ ಉಗುಳು ನುಂಗಿದೊಡನೆ 'ಟಪ್' ಎಂದು ಕಿವಿ ಬಿಟ್ಟು ಲೋಕವೆಲ್ಲ ಮೊದಲಿನಂತಾಗುತ್ತದೆ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಟ್ಟಗಳನ್ನು ಬಸ್ಸಿನಲ್ಲಿ ಇಳಿದು ಊರಿಗೆ ಹೋದವರಿಗೂ ಇದು ಹೊಸದಲ್ಲ. ದಾರಿಯಲ್ಲಿ ಮಕ್ಕಳ ಬಾಯಿಗೆ ಪೆಪ್ಪರಮಿಂಟು ಹಾಕುವುದು ವಾಂತಿಯನ್ನು ತಡೆಯುವುದಕ್ಕೆಂದೇ ಹಲವರು ತಿಳಿದಿದ್ದಾರೆ. ಚೀಪುತ್ತ ನುಂಗುತ್ತ ಇರುವುದರಿಂದ ಕಿವಿಗೂ ಅದು ಉಪಕಾರಿಯೇ.

ಉಗುಳನ್ನು ನುಂಗುವುದು ಗಂಟಲಿನ ಕೆಲಸ. ಅದರಿಂದ ಕಿವಿ ತೆರೆಯುವುದೇಕೆ? ಈ ಒಂದು ಪ್ರಶ್ನೆಯ ಬೆನ್ನುಹತ್ತಿ ಹೋದರೆ ಮೂಗು, ಬಾಯಿ, ಕಿವಿ ಎಂದು ನಾವು ಬೇರೆಬೇರೆಯಾಗಿ ಎಣಿಸುವ ಅಂಗಗಳು ಒಂದೇ ಮನೆಯ ಕೋಣೆಗಳೆಂಬುದು ತಿಳಿಯುತ್ತದೆ. ಚಾಳಿನಲ್ಲಿ ಒಂದು ಕೋಣೆಯ ಕಿಟಕಿ ಮುಚ್ಚಿದರೆ ಪಕ್ಕದ ಕೋಣೆಗೂ ಗಾಳಿಯಿಲ್ಲದಂತಾಗುವ ಹಾಗೆ, ಮಗುವಿನ ಮೂಗು ತಿಂಗಳುಗಟ್ಟಲೆ ಕಟ್ಟಿಕೊಂಡರೆ ಅದರ ಫಲವನ್ನು ಕಿವಿಯೂ ಕಿವಿಯ ಸುತ್ತಮುತ್ತಲಿನ ಸ್ನಾಯುಗಳೂ ಅನುಭವಿಸಬೇಕಾಗುತ್ತದೆ.

ಕಿವಿಯ ತಮಟೆಯ ಒಳಬದಿಗೆ ಗಾಳಿ ತುಂಬಿದ ಒಂದು ಪುಟ್ಟ ಗೂಡಿದೆ. ಅದೇ ನಡುಗಿವಿ. ತಮಟೆಯ ಹೊರಗೂ ಒಳಗೂ ಗಾಳಿಯ ಒತ್ತಡ ಒಂದೇ ಸಮನಾಗಿದ್ದರೆ ಮಾತ್ರ ಅದು ಸಲೀಸಾಗಿ ಕಂಪಿಸಬಲ್ಲದು. ನಡುಗಿವಿಯ ಒಳಪೊರೆಯಾದರೋ ಅಲ್ಲಿರುವ ಗಾಳಿಯನ್ನು ಸದಾ ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುತ್ತಿರುತ್ತದೆ. ಹೀಗೆ ಖರ್ಚಾದ ಗಾಳಿಯನ್ನು ಮರಳಿ ಜಮಾ ಮಾಡಲು ಮೂಗಿನ ಹಿಂಭಾಗದಿಂದ ನಡುಗಿವಿಯವರೆಗೆ ಒಂದು ಸಣ್ಣ ನಾಳವಿದೆ. ವಯಸ್ಕರಲ್ಲಿ ಇದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ವಿಶೇಷವೇನೆಂದರೆ, ಈ ನಾಳ ಸದಾ ತೆರೆದಿರುವ ಕೊಳವೆಯಲ್ಲ. ಅದರ ಬಾಯಿ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ; ಇಲ್ಲದಿದ್ದರೆ ನಮ್ಮ ಮಾತು, ನಮ್ಮ ಉಸಿರು ನಮ್ಮ ಕಿವಿಯಲ್ಲೇ ಮೊಳಗುತ್ತಿದ್ದುವು. ನುಂಗುವಾಗ, ಆಕಳಿಸುವಾಗ ಕ್ಷಣಮಾತ್ರ ಅದು ತೆರೆದು ಒಂದಿಷ್ಟು ಗಾಳಿಯನ್ನು ಒಳಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಬಾಗಿಲನ್ನು ಎಳೆದು ತೆರೆಯುವುದು ಮೃದು ಅಂಗುಳನ್ನು ಬಿಗಿಹಿಡಿಯುವ ಒಂದು ಪುಟ್ಟ ಸ್ನಾಯು. ವೈದ್ಯರ ಪುಸ್ತಕದಲ್ಲಿ ಅದರ ಹೆಸರು ಟೆನ್ಸರ್ ವೆಲಿ ಪ್ಯಾಲಟೈನಿ. ಹೆಸರು ಮರೆತರೂ ಚಿಂತೆಯಿಲ್ಲ, ಅದರ ಕೆಲಸವನ್ನು ಮರೆಯಬಾರದು.

ಈ ನಾಳವನ್ನು 16ನೆಯ ಶತಮಾನದಲ್ಲಿ ವಿವರವಾಗಿ ವರ್ಣಿಸಿದವನು ಇಟಲಿಯ ಅಂಗರಚನಾ ಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿ. ಆದ್ದರಿಂದಲೇ ಇದಕ್ಕೆ ಯುಸ್ಟೇಷಿಯನ್ ನಾಳವೆಂಬ ಹೆಸರು. ಮೂಗು ಬಾಯಿಗಳನ್ನು ಮುಚ್ಚಿ ಉಸಿರನ್ನು ಹೊರದೂಡಿ ಕಿವಿ ಬಿಡಿಸುವ ವಿಧಾನಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ವಾಲ್ಸಾಲ್ವನ ಕಿವಿಯ ಮೇಲಣ ಗ್ರಂಥ 1704ರದು. ಆದರೆ ಈ ಚರಿತ್ರೆಯಲ್ಲಿ ಎಲ್ಲರಿಗಿಂತ ಸ್ವಾರಸ್ಯದ ವ್ಯಕ್ತಿ ವೈದ್ಯನೇ ಅಲ್ಲ. ಫ್ರಾನ್ಸಿನ ವರ್ಸೇಲ್ಸಿನಲ್ಲಿ ಗಯೋ ಎಂಬ ಒಬ್ಬ ಪೋಸ್ಟ್‌ಮಾಸ್ಟರನಿದ್ದ. ಆತನಿಗೆ ಕಿವಿ ಮಂದವಾಗಿತ್ತು. ಬಾಗಿಸಿದ ಒಂದು ಕೊಳವೆಯನ್ನು ತನ್ನ ಬಾಯೊಳಗಿನಿಂದ ಅಂಗುಳಿನ ಹಿಂದಕ್ಕೆ ಹಾಯಿಸಿ, ಈ ನಾಳದ ಬಾಯನ್ನು ತೊಳೆದುಕೊಂಡು ತನ್ನ ಶ್ರವಣವನ್ನು ತಾನೇ ಉತ್ತಮಪಡಿಸಿಕೊಂಡ. 1724ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಈ ಉಪಾಯವನ್ನು ನಿವೇದಿಸಲಾಯಿತು. ಪಂಡಿತರು ಅದನ್ನು ಸಂದೇಹದಿಂದಲೇ ನೋಡಿದರೆಂದರೆ ಆಶ್ಚರ್ಯವಿಲ್ಲ. ಕಚೇರಿಯ ಮೇಜಿನ ಹಿಂದೆ ಕುಳಿತವನು ದೇಹಶಾಸ್ತ್ರದಲ್ಲಿ ಬಾಯಿ ಹಾಕುವುದು ಯಾವ ಕಾಲಕ್ಕೂ ಯಾರಿಗೂ ರುಚಿಸುವ ಸಂಗತಿಯಲ್ಲ. ಮುಂದೆ ನಾಳವು ವಿರಾಮದಲ್ಲಿ ಮುಚ್ಚಿದ್ದು ನುಂಗುವಾಗ ಸ್ನಾಯುಬಲದಿಂದ ತೆರೆಯುತ್ತದೆಂಬುದನ್ನು 19ನೆಯ ಶತಮಾನದ ಮಧ್ಯದಲ್ಲಿ ಸ್ಪಷ್ಟಪಡಿಸಿದವನು ಲಂಡನ್ನಿನ ಜೋಸೆಫ್ ಟಾಯ್ನ್‌ಬಿ. ಆತ 1866ರಲ್ಲಿ ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತ ತನ್ನ ಮೇಲೆಯೇ ಕ್ಲೋರೋಫಾರಂ ಮೊದಲಾದವುಗಳ ಪ್ರಯೋಗ ನಡೆಸಿ ಪ್ರಾಣವನ್ನೇ ತೆತ್ತ.

ಟಾಯ್ನ್‌ಬಿಯ ಹೆಸರಿನ ಪರೀಕ್ಷೆಯೊಂದನ್ನು ವಾಚಕರು ಕುಳಿತಲ್ಲಿಯೇ ಮಾಡಿನೋಡಬಹುದು. ಮೂಗನ್ನು ಬೆರಳುಗಳಿಂದ ಒತ್ತಿಹಿಡಿದು ಒಂದು ಗುಟುಕು ನುಂಗಬೇಕು. ಕಿವಿಯ ತಮಟೆ ಒಳಕ್ಕೆ ಸೆಳೆದಂತಾಗುತ್ತದೆ. ಮೂಗು ಮುಚ್ಚಿರುವಾಗ ನುಂಗಿದರೆ ಮೂಗಿನ ಹಿಂದಣ ಅಂಕಣದಲ್ಲಿ ಒತ್ತಡ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಗಾಳಿಯನ್ನು ಒಳಗೆ ಬಿಡಬೇಕಾದ ನಾಳದ ಮೂಲಕವೇ ನಡುಗಿವಿಯ ಗಾಳಿ ಸೆಳೆಯಲ್ಪಡುತ್ತದೆ. ಬೆರಳು ತೆಗೆದು ಮತ್ತೊಮ್ಮೆ ನುಂಗಿದರೆ ಎಲ್ಲ ಸರಿಹೋಗುತ್ತದೆ. ಮೂಗು ಸದಾ ಕಟ್ಟಿರುವ ಮಗುವಿಗೆ ಹೀಗೆ ಬೆರಳು ತೆಗೆಯುವ ಅನುಕೂಲವಿಲ್ಲ. ಅನ್ನದ ಪ್ರತಿ ತುತ್ತಿಗೂ ಹಾಲಿನ ಪ್ರತಿ ಗುಟುಕಿಗೂ ಅದರ ಕಿವಿಯಲ್ಲಿ ಈ ಸೆಳೆತ ನಡೆದೇ ಇರುತ್ತದೆ. ಮೂಗನ್ನು ಸೀನಿ ಹೊರಹಾಕುವ ಬದಲು 'ಸೊರ್' ಎಂದು ಒಳಕ್ಕೆಳೆದುಕೊಳ್ಳುವ ಅಭ್ಯಾಸದಿಂದಲೂ ಇದೇ ಪರಿಣಾಮ.

ಇನ್ನು 'ಕಿವಿಯ ಸುತ್ತಣ ಸ್ನಾಯು' ಎಂದರೆ ಯಾವುದು? ಹಸು ನಾಯಿಗಳಂತೆ ಹೊರಗಿವಿಯನ್ನು ಅಲ್ಲಾಡಿಸುವ ಸ್ನಾಯುಗಳು ಮನುಷ್ಯನಲ್ಲಿಯೂ ಹೆಸರಿಗೆ ಉಳಿದಿವೆ; ಮಕ್ಕಳನ್ನು ನಗಿಸುವುದರ ಹೊರತು ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ಮೂಗು ಕಟ್ಟಿದ್ದರಿಂದ ಅವಕ್ಕೆ ನಷ್ಟವೂ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವವು ಬೇರೆ. ಕಿವಿಯ ಮುಂದೆ ಬೆರಳಿಟ್ಟು ಹಲ್ಲು ಕಚ್ಚಿದರೆ ಗಟ್ಟಿಯಾಗಿ ಉಬ್ಬುವುದು ಅಗಿಯುವ ಸ್ನಾಯುವಾದ ಮ್ಯಾಸಿಟರ್. ಕಿವಿಯ ಮೇಲೆ ಕಣತಲೆಯ ಭಾಗದಲ್ಲಿ ಬೀಸಣಿಗೆಯಂತೆ ಹರಡಿರುವುದು ಟೆಂಪೊರಾಲಿಸ್. ಕಿವಿಯ ಹಿಂದಣ ಮೂಳೆಯ ಉಬ್ಬಿನಿಂದ ಹೊರಟು ಎದೆಯ ಮೂಳೆಯವರೆಗೆ ಓರೆಯಾಗಿ ಇಳಿದು ತಲೆಯನ್ನು ಹಿಡಿದು ನಿಲ್ಲಿಸುವುದು ಕುತ್ತಿಗೆಯ ದೊಡ್ಡ ಸ್ನಾಯು. ಒಳಗಡೆ, ಕಣ್ಣಿಗೆ ಕಾಣದಂತೆ, ನಾಳವನ್ನು ತೆರೆಯುವ ಅಂಗುಳಿನ ಸ್ನಾಯು. ಇವಲ್ಲದೆ ನಡುಗಿವಿಯಲ್ಲಿಯೇ ಎರಡು ಅತಿ ಪುಟ್ಟ ಸ್ನಾಯುಗಳುಂಟು. ಅವುಗಳಲ್ಲಿ ಸ್ಟೇಪೀಡಿಯಸ್ ಎಂಬುದು ದೇಹದ ಮೂಳೆಗಂಟಿದ ಸ್ನಾಯುಗಳಲ್ಲೆಲ್ಲ ಅತ್ಯಂತ ಚಿಕ್ಕದು.

ಕಿವಿಯ ಹಿಂದೆ ಕೈಗೆ ಸಿಗುವ ಆ ಮೂಳೆಯ ಉಬ್ಬು ಹುಟ್ಟಿದ ಕೂಸಿನಲ್ಲಿ ಇರುವುದೇ ಇಲ್ಲವೆಂಬ ಸಂಗತಿ ಅನೇಕರಿಗೆ ತಿಳಿದಿರಲಾರದು. ಮಗು ಕುತ್ತಿಗೆ ನಿಲ್ಲಿಸಿ, ತಲೆಯನ್ನು ಅತ್ತಿತ್ತ ತಿರುಗಿಸತೊಡಗಿದ ಮೇಲೆ ಸ್ನಾಯುವಿನ ಎಳೆತಕ್ಕೆ ಒಳಗಾಗಿ ಅದು ನಿಧಾನವಾಗಿ ರೂಪುಗೊಳ್ಳುತ್ತದೆ. ಬೆಳೆಯುವ ಮೂಳೆ ಕಲ್ಲಲ್ಲ. ಸ್ನಾಯು ಎಳೆದತ್ತ ಬೆಳೆಯುವ ಗುಣ ಅದಕ್ಕಿದೆ. ಮುಂದೆ ಹೇಳಬೇಕಾದುದೆಲ್ಲ ಈ ಒಂದು ತತ್ತ್ವವನ್ನೇ ಅವಲಂಬಿಸಿದೆ.

ಮೂಗು ಉಸಿರಿನ ಸಹಜ ದಾರಿ. ಒಳಬರುವ ಗಾಳಿಯನ್ನು ಅದು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸಿ ಶ್ವಾಸಕೋಶಕ್ಕೆ ಒಪ್ಪಿಸುತ್ತದೆ. ಬಾಯಿಗೆ ಈ ಸಾಮರ್ಥ್ಯವಿಲ್ಲ. ಮಕ್ಕಳಲ್ಲಿ ಮೂಗು ಬಹುಕಾಲ ಕಟ್ಟುವುದಕ್ಕೆ ಎರಡು ಕಾರಣಗಳು ಮುಖ್ಯ. ಒಂದು, ಧೂಳು, ಬೂಸ್ಟು, ಹಾಸಿಗೆಯ ನುಸಿ, ಜಿರಲೆ ಮುಂತಾದವುಗಳಿಂದ ಬರುವ ಒಗ್ಗದಿಕೆ, ಅಂದರೆ ಅಲರ್ಜಿ. ಮುಂಬಯಿಯ ಮಳೆಗಾಲದಲ್ಲಿ ಗೋಡೆಗಳು ಬೆವರಿ ಬಟ್ಟೆಗಳು ಒಣಗದೆ ನಾರುವ ಒಂದೇ ಕೋಣೆಯ ಮನೆಗಳಲ್ಲಿ, ದೆಹಲಿಯ ಚಳಿಗಾಲದ ಹೊಗೆಮಂಜಿನಲ್ಲಿ ಇದಕ್ಕೆ ಕೊರತೆಯಿಲ್ಲ. ಎರಡು, ಅಡಿನಾಯ್ಡ್. ಇದು ಮೂಗಿನ ಹಿಂಭಾಗದಲ್ಲಿ, ಕಿರುನಾಲಿಗೆಯ ಮೇಲ್ಗಡೆ ಮರೆಯಾಗಿರುವ, ಟಾನ್ಸಿಲ್ಲಿನ ಜಾತಿಯ ಮೆದುಗಂಟು. ಬಾಯಿ ತೆರೆದು ನೋಡಿದರೆ ಕಾಣದು. ಎಳೆಯ ವಯಸ್ಸಿನಲ್ಲಿ ಬೆಳೆದು, ಸುಮಾರು ಐದಾರು ವರ್ಷಗಳ ಪ್ರಾಯದಲ್ಲಿ ದೊಡ್ಡದಾಗಿದ್ದು, ಹರೆಯ ಬರುವ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಅದು ಕುಳಿತಿರುವುದು ಯುಸ್ಟೇಷಿಯನ್ ನಾಳದ ಬಾಗಿಲಿನ ಮಗ್ಗುಲಲ್ಲಿಯೇ. ಹೀಗಾಗಿ ಅದು ಊದಿಕೊಂಡರೆ ಮೂಗಿನ ದಾರಿಯನ್ನೂ ಕಿವಿಯ ದಾರಿಯನ್ನೂ ಏಕಕಾಲಕ್ಕೆ ಅಡ್ಡಗಟ್ಟಬಲ್ಲದು.

ಈ ನಂಟನ್ನು ಲೋಕಕ್ಕೆ ತೋರಿಸಿದವನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ವಿಲ್ಹೆಲ್ಮ್ ಮೇಯರ್. ಕಿವಿ ಮಂದವಾಗಿ, ಮಾತು ಮೂಗು ಕಟ್ಟಿದಂತಿದ್ದ ತರುಣಿಯೊಬ್ಬಳು ಆತನಲ್ಲಿಗೆ ಬಂದಳು. ಆತ ಬೆರಳನ್ನು ಅಂಗುಳಿನ ಹಿಂದಕ್ಕೆ ಹಾಯಿಸಿದಾಗ ಆ ಜಾಗವನ್ನು ತುಂಬಿದ್ದ ಮೆದುವಾದ ಗಂಟೊಂದು ಕೈಗೆ ಸಿಕ್ಕಿತು. ಅದುವರೆಗೆ ಎಷ್ಟೋ ವೈದ್ಯರು ಅಂಥ ರೋಗಿಗಳ ಕಿವಿಯನ್ನು ನೋಡಿದ್ದರು, ಮೂಗಿನ ಮುಂಭಾಗವನ್ನೂ ನೋಡಿದ್ದರು. ಆದರೆ ಆ ಮೂಲೆಯಲ್ಲಿ ಬೆರಳಾಡಿಸಿರಲಿಲ್ಲ. 1868ರಲ್ಲಿ ಮೇಯರ್ ತನ್ನ ಶೋಧವನ್ನು ಪ್ರಕಟಿಸಿದ. ಆತನ ನಿಧನಾನಂತರ, 1898ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಆತನ ಸ್ಮಾರಕವೊಂದು ಅನಾವರಣಗೊಂಡಿತು.

ಆ ತರುಣಿಯ ಮಾತಿನ ದೋಷವನ್ನು ಕನ್ನಡಿಗರು ಬಹು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ನಮ್ಮ ವರ್ಣಮಾಲೆಯ ಪ್ರತಿಯೊಂದು ವರ್ಗದ ಕೊನೆಯಲ್ಲಿ ಒಂದು ಅನುನಾಸಿಕವಿದೆ. ನಾಲಗೆ ತುಟಿಗಳ ಸ್ಥಾನ ಅದೇ ವರ್ಗದ ಉಳಿದ ಅಕ್ಷರಗಳದೇ. ಗಾಳಿ ಮೂಗಿನಿಂದ ಹೊರಡುವುದೊಂದೇ ವ್ಯತ್ಯಾಸ. ಮೂಗಿನ ಹಿಂಬಾಗಿಲು ಮುಚ್ಚಿದರೆ 'ಮ' ಎನ್ನಹೋದದ್ದು 'ಬ' ಆಗುತ್ತದೆ, 'ನ' ಎನ್ನಹೋದದ್ದು 'ದ' ಆಗುತ್ತದೆ. ಮಗು 'ಅಮ್ಮ' ಎಂದರೆ 'ಅಬ್ಬ' ಎಂದಂತೆ, 'ಮನೆ' ಎಂದರೆ 'ಬದೆ' ಎಂದಂತೆ ಕೇಳಿಸುತ್ತದೆ. ನೆಗಡಿಯ ದಿನಗಳಲ್ಲಿ ಇದು ಎಲ್ಲರಿಗೂ ಆಗುವುದೇ. ನೆಗಡಿ ಹೋಗಿ ತಿಂಗಳುಗಳಾದರೂ ಹೀಗೆಯೇ ಇದ್ದರೆ ಅದನ್ನು ಮುದ್ದುಮಾತೆಂದು ಬಿಡದೆ ವೈದ್ಯರಿಗೆ ತೋರಿಸುವುದು ಲೇಸು. ವರ್ಣಮಾಲೆಯನ್ನು ಕಟ್ಟಿದವರು ಮೂಗಿನ ಪರೀಕ್ಷೆಗಾಗಿ ಅದನ್ನು ಕಟ್ಟಲಿಲ್ಲವಾದರೂ ಅದಕ್ಕೆ ಅಷ್ಟು ಒಳ್ಳೆಯ ಸಾಧನ ಮನೆಯಲ್ಲಿ ಇನ್ನೊಂದಿಲ್ಲ.

ಮೂಗು ಕಟ್ಟಿದ ಮಗು ಉಸಿರಿಗಾಗಿ ಬಾಯಿ ತೆರೆಯಲೇಬೇಕು. ಬಾಯಿ ತೆರೆಯಬೇಕಾದರೆ ಕೆಳದವಡೆ ಇಳಿಯಬೇಕು, ನಾಲಗೆ ಅಂಗುಳನ್ನು ಬಿಟ್ಟು ಕೆಳಕ್ಕೆ ಸರಿಯಬೇಕು, ತಲೆ ಕೊಂಚ ಹಿಂದಕ್ಕೆ ವಾಲಬೇಕು. ಇವು ಮೂರೂ ಸ್ನಾಯುಗಳ ಕೆಲಸ. ಒಂದು ಗಳಿಗೆ ಮಾಡಿದರೆ ಏನೂ ಆಗದು. ಹಗಲು ರಾತ್ರಿ, ವರುಷಗಟ್ಟಲೆ ಮಾಡಿದರೆ ಅದೇ ಸ್ಥಿತಿ ರೂಢಿಯಾಗುತ್ತದೆ. ಸಹಜವಾಗಿ ಮುಚ್ಚಿದ ಬಾಯಲ್ಲಿ ನಾಲಗೆ ಒಳಗಿನಿಂದ ಮೇಲ್ದವಡೆಯನ್ನು ಅಗಲಿಸುತ್ತಿದ್ದರೆ ಕೆನ್ನೆಯ ಸ್ನಾಯುಗಳು ಹೊರಗಿನಿಂದ ಅದನ್ನು ಅದುಮುತ್ತಿರುತ್ತವೆ. ಈ ಎರಡರ ನಡುವಣ ಸಮತೋಲದಲ್ಲಿ ಹಲ್ಲಿನ ಸಾಲು ನಿಲ್ಲುತ್ತದೆ. ನಾಲಗೆ ಕೆಳಗಿಳಿದರೆ ಒಂದು ಬದಿಯ ಖಾತೆ ಬರಿದಾಯಿತು. ಕೆನ್ನೆಗಳ ಒತ್ತಡ ಮಾತ್ರ ಉಳಿದು ಮೇಲ್ದವಡೆ ಇಕ್ಕಟ್ಟಾಗುತ್ತದೆ, ಅಂಗುಳು ಗೋಪುರದಂತೆ ಎತ್ತರವಾಗುತ್ತದೆ, ಮುಂದಣ ಹಲ್ಲುಗಳು ಒಂದರ ಮೇಲೊಂದು ಏರುತ್ತವೆ. ಕೆಳದವಡೆ ಮುಂದಕ್ಕೆ ಬೆಳೆಯುವ ಬದಲು ಕೆಳಕ್ಕೆ ಬೆಳೆದು ಮುಖ ಉದ್ದವಾಗುತ್ತದೆ. ತಲೆಯನ್ನು ಹಿಂದಕ್ಕೆ ವಾಲಿಸಿ ಹಿಡಿಯುವುದರಿಂದ ಮುಖದ ಚರ್ಮ ಸ್ನಾಯುಗಳು ಬಿಗಿದು ದವಡೆಯ ಬೆಳವಣಿಗೆಯನ್ನು ಹಿಂದಕ್ಕೆಳೆಯುತ್ತವೆಂದು 1977ರಲ್ಲಿ ಸೊಲೊ ಮತ್ತು ಕ್ರೈಬೋರ್ಗ್ ಎಂಬ ಸಂಶೋಧಕರು ಪ್ರತಿಪಾದಿಸಿದರು.

ಇದು ಬರಿಯ ಊಹೆಯೇ ಎಂದು ಕೇಳಬಹುದು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎಗಿಲ್ ಹಾರ್ವೋಲ್ಡ್ ಮತ್ತು ಅವರ ಸಂಗಡಿಗರು ಎಳೆಯ ಕೋತಿಗಳ ಮೂಗಿನ ಹೊಳ್ಳೆಗಳನ್ನು ಸಿಲಿಕೋನ್ ಬಿರಡೆಗಳಿಂದ ಮುಚ್ಚಿ, ಹಾಗೆ ಮಾಡದ ಕೋತಿಗಳೊಡನೆ ಹೋಲಿಸಿ ನೋಡಿದರು. ಈ ಪ್ರಯೋಗಗಳ ವರದಿ 1981ರಲ್ಲಿ ಪ್ರಕಟವಾಯಿತು. ಮೂಗು ಕಟ್ಟಿದ ಕೋತಿಗಳೆಲ್ಲವೂ ಬಾಯಿಯಿಂದ ಉಸಿರಾಡತೊಡಗಿದುವು. ಆದರೆ ಒಂದೊಂದೂ ಒಂದೊಂದು ಉಪಾಯವನ್ನು ಕಂಡುಕೊಂಡಿತು. ಕೆಲವು ದವಡೆಯನ್ನು ಜೋಲುಬಿಟ್ಟುವು, ಕೆಲವು ಉಸಿರಿನ ತಾಳಕ್ಕೆ ದವಡೆಯನ್ನು ಇಳಿಸಿ ಏರಿಸಿದುವು, ಕೆಲವು ನಾಲಗೆಯನ್ನು ಹೊರಚಾಚಿದುವು. ಸಾಮಾನ್ಯವಾಗಿ ಸುಮ್ಮನಿರಬೇಕಾದ ಸ್ನಾಯುಗಳು ಉಸಿರಿಗೆ ತಕ್ಕಂತೆ ಮಿಡಿಯುತ್ತಿದ್ದುದನ್ನು ವಿದ್ಯುತ್ ಉಪಕರಣಗಳು ದಾಖಲಿಸಿದುವು. ಉಪಾಯಕ್ಕೆ ತಕ್ಕ ಹಾಗೆ ಹಲ್ಲುಗಳ ವಕ್ರತೆಯೂ ಬೇರೆಬೇರೆಯಾಯಿತು. ಒಟ್ಟಿನಲ್ಲಿ ಸಮಾನವಾಗಿ ಕಂಡದ್ದು ಮುಖದ ಎತ್ತರ ಹೆಚ್ಚಿದುದು, ಮತ್ತು ಕಿವಿಯ ಕೆಳಗೆ ಕೆಳದವಡೆ ತಿರುಗುವ ಆ ಮೂಲೆಯ ಕೋನ ಅಗಲವಾದುದು. ಮ್ಯಾಸಿಟರ್ ಸ್ನಾಯು ಬಂದು ಅಂಟುವ ಜಾಗವೇ ಅದು. ಬಿರಡೆಯನ್ನು ತೆಗೆದ ಮೇಲೆ ಸ್ನಾಯುಗಳು ಒಂದು ಮಟ್ಟಿಗೆ ಹಳೆಯ ರೂಢಿಗೆ ಮರಳಿದುವು. ಮೂಳೆಯ ಆಕಾರ ಅಷ್ಟು ಸುಲಭವಾಗಿ ಮರಳಲಿಲ್ಲ. ಮೂಕಪ್ರಾಣಿಗಳ ಮೇಲೆ ನಡೆದ ಇಂಥ ಪ್ರಯೋಗವನ್ನು ಓದುವಾಗ ಮನಸ್ಸು ಮುದುಡುತ್ತದಾದರೂ ಅದರಿಂದ ತಿಳಿದುಬಂದ ಪಾಠವನ್ನು ಅಲ್ಲಗಳೆಯುವಂತಿಲ್ಲ.

ಮಕ್ಕಳ ವಿಷಯದಲ್ಲಿ ಇದಕ್ಕೆ ಸರಿಹೊಂದುವ ಅಧ್ಯಯನ ಸ್ವೀಡನ್ನಿನ ಲಿಂಡರ್-ಆರಾನ್ಸನ್ ಅವರದು. ಅಡಿನಾಯ್ಡ್‌ನಿಂದ ಮೂಗು ಕಟ್ಟಿದ ಮಕ್ಕಳಲ್ಲಿ ಮೇಲ್ದವಡೆ ಇಕ್ಕಟ್ಟಾಗಿದ್ದು ಮುಖ ಉದ್ದವಾಗಿರುವುದನ್ನು ಅವರು 1970ರಲ್ಲಿ ಅಳತೆಗಳ ಸಹಿತ ತೋರಿಸಿದರು. ಗಂಟನ್ನು ತೆಗೆದು, ಮಗು ನಿಜವಾಗಿ ಮೂಗಿನಿಂದ ಉಸಿರಾಡತೊಡಗಿದ ಮೇಲೆ ಹಲ್ಲುಗಳ ನಿಲುವೂ ದವಡೆ ಬೆಳೆಯುವ ದಿಕ್ಕೂ ಸಹಜದತ್ತ ತಿರುಗಿದುದನ್ನು ಮುಂದೆ ಅವರೇ ವರದಿ ಮಾಡಿದರು.

ಆದರೂ ಉದ್ದ ಮುಖದವರೆಲ್ಲರೂ ಮೂಗು ಕಟ್ಟಿದವರಲ್ಲ, ಮೂಗು ಕಟ್ಟಿದವರೆಲ್ಲರ ಮುಖವೂ ಉದ್ದವಾಗುವುದಿಲ್ಲ. ತಂದೆತಾಯಿಗಳಿಂದ ಬಂದ ಮುಖಚರ್ಯೆಯ ಪಾಲು ದೊಡ್ಡದು. ಉದ್ದ ಮುಖದ ವಯಸ್ಕರ ಕಡಿತದ ಬಲ ಇತರರಿಗಿಂತ ಬಹಳ ಕಡಿಮೆಯೆಂದು 1983ರಲ್ಲಿ ಪ್ರಾಫಿಟ್ ಮತ್ತು ಅವರ ಸಹೋದ್ಯೋಗಿಗಳು ಅಳೆದು ತೋರಿಸಿದರು. ಆದರೆ ಅದೇ ಬಗೆಯ ಮುಖದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂದರೆ ಈ ಜನರಲ್ಲಿ ಅಗಿಯುವ ಸ್ನಾಯುಗಳು ಮೊದಲೇ ದುರ್ಬಲವಾಗಿದ್ದುವೆಂದಲ್ಲ. ಹರೆಯದಲ್ಲಿ ಇತರರಿಗೆ ಕೂಡಿಬರುವ ಬಲ ಇವರಿಗೆ ಕೂಡಿಬರಲಿಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಎಂಬ ಚರ್ಚೆ ದಂತವೈದ್ಯರಲ್ಲಿ ಇಂದಿಗೂ ನಡೆದಿದೆ. ಆದ್ದರಿಂದ ಮಗುವಿನ ಮುಖ ನೋಡಿ ಗಾಬರಿಯಾಗುವುದು ಬೇಡ, ನೋಡಬೇಕಾದುದು ಉಸಿರನ್ನು.

ಮುಖದ ಆಕಾರ ವರ್ಷಗಳ ಮಾತು. ಕಿವಿಗೆ ತಟ್ಟುವ ಪೆಟ್ಟಾದರೋ ವಾರಗಳಲ್ಲಿಯೇ ಕಾಣಿಸಿಕೊಳ್ಳಬಹುದು, ಮತ್ತು ಅದೇ ಹೆಚ್ಚು ಗಮನಿಸಬೇಕಾದುದು. ಎಳೆಯ ಮಕ್ಕಳ ಯುಸ್ಟೇಷಿಯನ್ ನಾಳ ಗಿಡ್ಡ. ಹುಟ್ಟುವಾಗ ವಯಸ್ಕರದರ ಅರ್ಧದಷ್ಟು ಮಾತ್ರ. ವಯಸ್ಕರಲ್ಲಿ ಅದು ಸುಮಾರು 45 ಡಿಗ್ರಿ ಓರೆಯಾಗಿ ಇಳಿದರೆ ಕೂಸಿನಲ್ಲಿ ಸುಮಾರು 10 ಡಿಗ್ರಿಯಷ್ಟೇ ಇಳಿಜಾರು, ಹೆಚ್ಚುಕಡಿಮೆ ಮಲಗಿದಂತೆಯೇ. ಅದನ್ನು ತೆರೆಯುವ ಅಂಗುಳಿನ ಸ್ನಾಯುವೂ ಇನ್ನೂ ಪಳಗಿರುವುದಿಲ್ಲ, ಎಳೆಯುವ ಕೋನವೂ ಅನುಕೂಲವಾಗಿರುವುದಿಲ್ಲ. ತಲೆಬುರುಡೆ ಬೆಳೆದಂತೆ, ಏಳೆಂಟು ವರ್ಷಗಳ ಹೊತ್ತಿಗೆ, ಇವೆಲ್ಲ ಸುಧಾರಿಸುತ್ತವೆ. ಸೀಳಂಗುಳಿನ ಮಕ್ಕಳಲ್ಲಿ ಈ ಸ್ನಾಯುವಿಗೆ ಸರಿಯಾದ ಆಧಾರವೇ ಇರುವುದಿಲ್ಲ. ಅಂಥ ಕೂಸುಗಳಲ್ಲಿ ಬಹುತೇಕ ಎಲ್ಲರಿಗೂ ನಡುಗಿವಿಯಲ್ಲಿ ದ್ರವ ನಿಲ್ಲುವುದನ್ನು ಕಂಡರೆ ಸ್ನಾಯುವಿಗೂ ಕಿವಿಗೂ ಇರುವ ಸಂಬಂಧಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೊದಲೇ ಸೋಲುವ ನಾಳದ ಬಾಯಲ್ಲಿ ಊದಿಕೊಂಡ ಅಡಿನಾಯ್ಡ್ ಬಂದು ಕುಳಿತರೆ, ಇಲ್ಲವೆ ಅಲರ್ಜಿಯಿಂದ ಅದರ ಪೊರೆ ಬಾತುಕೊಂಡರೆ, ನಡುಗಿವಿಗೆ ಗಾಳಿಯ ಜಮೆ ನಿಲ್ಲುತ್ತದೆ, ಖರ್ಚು ಮಾತ್ರ ನಡೆದೇ ಇರುತ್ತದೆ. ಒತ್ತಡ ಕುಸಿದು ತಮಟೆ ಒಳಸೇದುತ್ತದೆ. ಬರಿದಾದ ಜಾಗವನ್ನು ಒಳಪೊರೆಯಿಂದ ಒಸರಿದ ದ್ರವ ತುಂಬುತ್ತದೆ. ಮೊದಲು ನೀರಾಗಿದ್ದುದು ಕ್ರಮೇಣ ಗೋಂದಿನಂತೆ ಗಟ್ಟಿಯಾಗುವುದರಿಂದ ಇದಕ್ಕೆ ಅಂಟುಗಿವಿ ಎನ್ನಬಹುದು. ನೋವಿಲ್ಲ, ಜ್ವರವಿಲ್ಲ, ಕೀವು ಸೋರುವುದಿಲ್ಲ. ಆದುದರಿಂದಲೇ ಮನೆಯವರಿಗೆ ಗೊತ್ತಾಗುವುದಿಲ್ಲ. ಶ್ರವಣದಲ್ಲಿ ಸಾಮಾನ್ಯವಾಗಿ 25-30 ಡೆಸಿಬಲ್‌ಗಳಷ್ಟು ಕೊರತೆ. ಎಂದರೆ ಎರಡು ಕಿವಿಗಳಿಗೂ ಬೆರಳಿಟ್ಟುಕೊಂಡು ದಿನವಿಡೀ ಓಡಾಡಿದಂತೆ. ಕೂಗಿದರೆ ಕೇಳುತ್ತದೆ, ಮೆಲ್ಲಗೆ ಆಡಿದ್ದು ಕೇಳುವುದಿಲ್ಲ. ಮಾತಿನಲ್ಲಿಯೂ ಸ್ವರಗಳು ಕೇಳುತ್ತವೆ. 'ಸ', 'ತ', 'ಕ' ಮುಂತಾದ ಬಲವಿಲ್ಲದ ಸದ್ದುಗಳು ಕಳೆದುಹೋಗುತ್ತವೆ. ನೆಗಡಿಗೆ ತಕ್ಕಂತೆ ಇದು ಒಂದು ವಾರ ಹೆಚ್ಚು ಒಂದು ವಾರ ಕಡಿಮೆ ಆಗುತ್ತಿರುವುದರಿಂದ 'ಬೇಕಾದಾಗ ಕೇಳುತ್ತದೆ, ಬೇಡವಾದಾಗ ಕೇಳುವುದಿಲ್ಲ' ಎಂಬ ಅಪವಾದ ಮಗುವಿನ ತಲೆಗೆ ಬರುತ್ತದೆ.

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು ಇಲ್ಲವೆ ಕೊಂಕಣಿ, ನೆರೆಯಲ್ಲಿ ಮರಾಠಿ ಅಥವಾ ತಮಿಳು, ತೆಲುಗು, ಆಟದ ಬಯಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕಿವಿ ಚುರುಕಾಗಿರುವ ಮಗು ಇವನ್ನೆಲ್ಲ ಆಟದಂತೆ ಕಲಿತುಬಿಡುತ್ತದೆ. ಅಂಟುಗಿವಿಯ ಮಗುವಿಗೆ ಪ್ರತಿಯೊಂದು ಭಾಷೆಯೂ ಅರ್ಧರ್ಧವೇ ದಕ್ಕುತ್ತದೆ. ಗದ್ದಲದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಹೊಸ ಭಾಷೆಯ ಹೊಸ ಪದವನ್ನು, ಅದರ ಅರ್ಧ ವ್ಯಂಜನಗಳು ಮಾಯವಾಗಿರುವಾಗ ಊಹಿಸಿಕೊಳ್ಳಬೇಕಾಗುತ್ತದೆ. ಶಾಲೆಯಿಂದ ಗಮನವಿಲ್ಲವೆಂಬ ಟಿಪ್ಪಣಿ ಬರುತ್ತದೆ. ಮನೆಯಲ್ಲಿ ಮನೆಮಾತನ್ನು ಬಿಟ್ಟು ಇಂಗ್ಲಿಷನ್ನೇ ಆಡಿರೆಂದು ಯಾರೋ ಸಲಹೆ ಕೊಡುತ್ತಾರೆ, ಹಿರಿಯರು ಹುಡುಗ ಮಂದನೆಂದು ನಿಟ್ಟುಸಿರು ಬಿಡುತ್ತಾರೆ, ತಂದೆ ಒಂದೆರಡು ಏಟು ಕೊಡುವುದೂ ಉಂಟು. ಇಷ್ಟಕ್ಕೆಲ್ಲ ಕಾರಣ ತಮಟೆಯ ಹಿಂದಣ ಒಂದೆರಡು ಹನಿ ಅಂಟು ಎಂಬುದು ಯಾರಿಗೂ ಹೊಳೆದಿರುವುದಿಲ್ಲ. ಭಾಷೆಗಳು ಹೆಚ್ಚಾದುದರಿಂದ ಮಗುವಿನ ಬುದ್ಧಿ ಮಂಕಾಗುತ್ತದೆಂಬುದಕ್ಕೆ ಆಧಾರವಿಲ್ಲ. ತಾಯ್ನುಡಿಗೆ ತಿಲಾಂಜಲಿ ಕೊಡುವ ಮೊದಲು ಕಿವಿಯ ಪರೀಕ್ಷೆ ಮಾಡಿಸುವುದು ನ್ಯಾಯ.

ಮನೆಯಲ್ಲಿ ಗಮನಿಸಬೇಕಾದ ಚಿಹ್ನೆಗಳು ಕೆಲವೇ. ಮಗು ನಿದ್ದೆಯಲ್ಲಿ ಬಾಯಿ ತೆರೆದಿರುತ್ತದೆಯೇ, ಗೊರಕೆ ಹೊಡೆಯುತ್ತದೆಯೇ, ದಿಂಬು ಜೊಲ್ಲಿನಿಂದ ತೊಯ್ದಿರುತ್ತದೆಯೇ; ಹಗಲಿನಲ್ಲಿ ತುಟಿಗಳು ಒಣಗಿ ಬಿರಿದಿರುತ್ತವೆಯೇ; ಊಟಮಾಡುವಾಗ ಉಸಿರಿಗಾಗಿ ನಡುನಡುವೆ ನಿಲ್ಲಿಸುತ್ತದೆಯೇ; ಟೆಲಿವಿಷನ್ನಿನ ಸದ್ದನ್ನು ಹೆಚ್ಚಿಸಿ ಹತ್ತಿರ ಹೋಗಿ ಕೂರುತ್ತದೆಯೇ; ಹಿಂದಿನಿಂದ ಕರೆದರೆ ತಿರುಗುತ್ತದೆಯೇ. ಗೊರಕೆಯ ನಡುವೆ ಉಸಿರು ನಿಂತು ಮಗು ಬೆಚ್ಚಿಬಿದ್ದಂತೆ ಎದ್ದರೆ ತಡಮಾಡಬಾರದು. ಒಂದೇ ಹೊಳ್ಳೆ ಕಟ್ಟಿ ಅದರಿಂದ ದುರ್ನಾತದ ಸಿಂಬಳ ಇಳಿಯುತ್ತಿದ್ದರೆ ಮಗು ಕಡಲೆಕಾಳನ್ನೋ ಮಣಿಯನ್ನೋ ಮೂಗಿಗೆ ತುರುಕಿಕೊಂಡಿರುವ ಸಂಭವವಿದೆ. ಅದನ್ನು ಮನೆಯಲ್ಲಿ ಕೀಳಲು ಹೋಗಬಾರದು.

ಕಿವಿ ಮಂದವಾದರೆ ಬಿಸಿ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮವರ ಹಳೆಯ ರೂಢಿ. ಅಂಟುಗಿವಿಯಲ್ಲಿ ಅದರಿಂದ ಪ್ರಯೋಜನವಿಲ್ಲ. ಎಣ್ಣೆ ತಮಟೆಯ ಹೊರಗೆ ನಿಲ್ಲುತ್ತದೆ, ದ್ರವ ಇರುವುದು ಒಳಗೆ. ತಮಟೆಯಲ್ಲಿ ತೂತಿದ್ದರಂತೂ ಹಾನಿಯೇ. ಕೂಸಿನ ಮೂಗಿಗೆ ಎಣ್ಣೆಯ ಹನಿ ಬಿಡುವುದು ಶ್ವಾಸಕೋಶಕ್ಕೆ ಅಪಾಯ. ಕರ್ಪೂರ ಪುದೀನ ಸತ್ವಗಳ ಮುಲಾಮನ್ನು ಎಳೆಯ ಮಕ್ಕಳ ಮೂಗಿನ ಹೊಳ್ಳೆಗೆ ಹಚ್ಚಬಾರದು. ಔಷಧದಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಮಾತ್ರ ನಿರಪಾಯಕರ. ದೊಡ್ಡವರು ಜಲನೇತಿ ಮಾಡುವುದಾದರೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ನಲ್ಲಿಯ ನೀರನ್ನು ನೇರವಾಗಿ ಬಳಸಕೂಡದು. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಔಷಧದ ಹನಿಗಳನ್ನು ಐದಾರು ದಿನಗಳಿಗಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತೆ. ಹಾಲೂಡಿಸುವಾಗ ಬಾಟಲಿಯನ್ನು ಮಲಗಿದ ಮಗುವಿನ ಬಾಯಿಗಿಡದೆ ತಲೆಯನ್ನು ಎತ್ತಿ ಹಿಡಿಯಬೇಕು. ಮನೆಯೊಳಗೆ ಬೀಡಿ ಸಿಗರೇಟು ಸೇದುವವರಿದ್ದರೆ ಮಕ್ಕಳಲ್ಲಿ ಅಂಟುಗಿವಿಯ ಸಂಭವ ಹೆಚ್ಚು. ಇತ್ತೀಚೆಗೆ ರಾತ್ರಿ ಬಾಯಿಗೆ ಅಂಟುಪಟ್ಟಿ ಹಚ್ಚಿ ಮಲಗುವ ಹುಚ್ಚೊಂದು ಹಬ್ಬಿದೆ. ಮೂಗು ಕಟ್ಟಿದ ಮಗುವಿನ ಬಾಯನ್ನೂ ಮುಚ್ಚಿದರೆ ಅದು ಉಸಿರಾಡುವುದೆಲ್ಲಿಂದ?

ವೈದ್ಯರಲ್ಲಿಗೆ ಹೋದರೆ ಕಿವಿಯ ತಮಟೆಯನ್ನು ನೋಡಿ, ಟಿಂಪನೊಮೆಟ್ರಿ ಎಂಬ ಒಂದೆರಡು ನಿಮಿಷಗಳ ಪರೀಕ್ಷೆ ಮಾಡುತ್ತಾರೆ. ನಡುಗಿವಿಯಲ್ಲಿ ಗಾಳಿಯಿದೆಯೋ ದ್ರವವಿದೆಯೋ ಎಂಬುದು ಅದರಿಂದ ತಿಳಿಯುತ್ತದೆ, ನೋವಿಲ್ಲ. ಶ್ರವಣ ಪರೀಕ್ಷೆಯನ್ನೂ ಜೊತೆಗೆ ಮಾಡಿಸಬೇಕು. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ, ರಜೆಗೆ ಊರಿಗೆ ಹೋದವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಈ ಕೆಲಸಕ್ಕೆ ಹೆಸರಾದವು.

ದ್ರವ ಕಂಡೊಡನೆ ಶಸ್ತ್ರಕ್ರಿಯೆ ಎಂದೇನೂ ಇಲ್ಲ. ಬಹು ಮಕ್ಕಳಲ್ಲಿ ಅದು ತಾನಾಗಿ ಇಂಗಿಹೋಗುವುದರಿಂದ ಸಾಮಾನ್ಯವಾಗಿ ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸುತ್ತಾರೆ. ಆಂಟಿಬಯಾಟಿಕ್, ನೆಗಡಿಯ ಸಿರಪ್ಪುಗಳಿಂದ ಅಂಟುಗಿವಿ ಗುಣವಾಗುವುದಿಲ್ಲ. ಅಲರ್ಜಿಯಿದ್ದರೆ ಅದಕ್ಕೆ ತಕ್ಕ ಮೂಗಿನ ಸಿಂಪಡಿಕೆಯನ್ನು ವೈದ್ಯರು ಕೊಡುತ್ತಾರೆ. ಕಾಯುವ ಅವಧಿಯಲ್ಲಿ ಸ್ನಾಯುವಿಗೆ ಕೆಲಸ ಕೊಡುವ ಒಂದು ಉಪಾಯವೂ ಇದೆ: ಮೂಗಿನ ಹೊಳ್ಳೆಗೆ ಹಿಡಿದ ವಿಶೇಷ ಬೆಲೂನನ್ನು ಮೂಗಿನಿಂದಲೇ ಊದುವುದು. ಇಂಗ್ಲೆಂಡಿನಲ್ಲಿ 4ರಿಂದ 11 ವರ್ಷಗಳ 320 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಹೀಗೆ ಊದಿದ ಮಕ್ಕಳಲ್ಲಿ ಒಂದು ತಿಂಗಳ ಬಳಿಕ ನೂರಕ್ಕೆ ಸುಮಾರು 47 ಮಂದಿಯ ಕಿವಿ ತೆರವಾಗಿದ್ದರೆ, ಊದದವರಲ್ಲಿ ಸುಮಾರು 36 ಮಂದಿಯದು ಮಾತ್ರ ತೆರವಾಗಿತ್ತು. ದೊಡ್ಡ ಪವಾಡವಲ್ಲ; ಆದರೆ ಖರ್ಚಿಲ್ಲದ, ಮಕ್ಕಳಿಗೆ ಇಷ್ಟವಾಗುವ ಔಷಧ. 1863ರಲ್ಲಿ ವಿಯೆನ್ನಾದ ಪೊಲಿಟ್ಜರ್ ರಬ್ಬರಿನ ಬುರುಡೆಯಿಂದ, ರೋಗಿ ನೀರು ನುಂಗುವ ಕ್ಷಣದಲ್ಲಿ, ಮೂಗಿಗೆ ಗಾಳಿ ಊದಿದುದೂ ಇದೇ ತತ್ತ್ವದ ಮೇಲೆ.

ಮೂರು ತಿಂಗಳ ಮೇಲೂ ದ್ರವ ಉಳಿದು ಶ್ರವಣ ಕಡಿಮೆಯಾಗಿದ್ದರೆ ತಮಟೆಯಲ್ಲಿ ಚಿಕ್ಕ ಕೊಯ್ತ ಮಾಡಿ ದ್ರವವನ್ನು ಹೀರಿ ತೆಗೆದು ಗ್ರೊಮೆಟ್ ಎಂಬ ಪುಟ್ಟ ನಳಿಗೆಯನ್ನು ಕೂರಿಸುತ್ತಾರೆ. ಮುಚ್ಚಿದ ನಾಳ ಮಾಡಬೇಕಾದ ಕೆಲಸವನ್ನು ಅದು ಹೊರಗಿನಿಂದ ಮಾಡುತ್ತದೆ. ಜೊತೆಗೆ ಮೂಗೂ ಕಟ್ಟಿದ್ದರೆ ಅದೇ ಮತ್ತಿನಲ್ಲಿ ಅಡಿನಾಯ್ಡನ್ನೂ ತೆಗೆಯುವುದುಂಟು. ಸೀಳಂಗುಳಿನ ಮಕ್ಕಳಲ್ಲಿ ಈ ಗಂಟನ್ನು ಪೂರ್ತಿ ತೆಗೆದರೆ ಮಾತು ಮೂಗಿನಲ್ಲಿ ಸೋರಿಹೋಗುವ ಭಯವಿರುವುದರಿಂದ ವೈದ್ಯರು ಎಚ್ಚರ ವಹಿಸುತ್ತಾರೆ. ಗಂಟು ತೆಗೆದ ಮಾತ್ರಕ್ಕೆ ಬಾಯಿ ತೆರೆಯುವ ಅಭ್ಯಾಸ ಮರುದಿನವೇ ಹೋಗುವುದಿಲ್ಲ. ವರುಷಗಳಿಂದ ಜೋತುಬಿದ್ದ ದವಡೆಗೂ ತುಟಿಗೂ ಮತ್ತೆ ಮುಚ್ಚಿಕೊಳ್ಳಲು ಕಲಿಸಬೇಕಾಗುತ್ತದೆ, ದವಡೆ ಇಕ್ಕಟ್ಟಾಗಿದ್ದರೆ ದಂತವೈದ್ಯರ ನೆರವೂ ಬೇಕಾಗುತ್ತದೆ. ಗ್ರೊಮೆಟ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ಕಳಚಿ ಹೊರಬೀಳುತ್ತದೆ. ಕೆಲವು ಮಕ್ಕಳಲ್ಲಿ ಆಮೇಲೆ ದ್ರವ ಮತ್ತೆ ತುಂಬುವುದರಿಂದ, ಅದು ಬಿದ್ದ ಬಳಿಕ ಇನ್ನೊಮ್ಮೆ ಶ್ರವಣ ಪರೀಕ್ಷೆ ಮಾಡಿಸಬೇಕಾಗುತ್ತದೆ.